ಎರಡನೆಯ ಕೀಬೋರ್ಡ್ ಬೇಕೆ?

ಹೊಸ ವಿಂಡೋಸ್ ಲ್ಯಾಪ್‌ಟಾಪ್ ಮೊದಲ ಸಲ ಕಣ್ಣು ಬಿಟ್ಟಾಗ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತದೆ. ದೇಶ ಯಾವುದು? ಕೀಬೋರ್ಡ್ ಯಾವುದು? ಎರಡನೆಯ ಕೀಬೋರ್ಡ್ ಏನಾದರೂ ಸೇರಿಸಬೇಕೆ? ಈ ಮೂರನೆಯ ಪ್ರಶ್ನೆಯ ಕೆಳಗೆ ‘ಸ್ಕಿಪ್’ ಎಂಬ ಗುಂಡಿ ಇದೆ. ಸಾಮಾನ್ಯವಾಗಿ ಅಂಗಡಿಯ ಹುಡುಗನೇ ಅದನ್ನು ಒತ್ತಿ, ಆಫೀಸ್ ಹಾಕಿ, ಗಿರಾಕಿಯ ಕೈಗೆ ಕೊಟ್ಟುಬಿಡುತ್ತಾನೆ. ಅಲ್ಲಿಂದ ಮುಂದೆ ಆ ಯಂತ್ರ ಇದ್ದಷ್ಟು ವರ್ಷವೂ ಇಂಗ್ಲಿಷಿನಲ್ಲೇ ಬದುಕುತ್ತದೆ. ಅದರ ಯಜಮಾನರು ಕನ್ನಡ ಮೇಷ್ಟ್ರೇ ಆಗಿರಲಿ, ಪಂಚಾಯಿತಿ ಕಾರ್ಯದರ್ಶಿಯೇ ಆಗಿರಲಿ.

ಸೌಲಭ್ಯವೇ ಇಲ್ಲದೆ ಹೀಗಾಗುತ್ತಿದ್ದರೆ ಯಾರನ್ನಾದರೂ ಬೈಯಬಹುದಿತ್ತು. ಈಗ ಆ ನೆಪವೂ ಇಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಕನ್ನಡ ಓದುವ, ಬರೆಯುವ ವ್ಯವಸ್ಥೆ ಬಿಡಿಗಾಸಿನ ಖರ್ಚಿಲ್ಲದೆ ಒಳಗೇ ಕೂತಿದೆ. ಅದನ್ನು ಎಬ್ಬಿಸುವುದು ಒಂದು ಗಂಟೆಯ ಕೆಲಸ. ಬ್ಯಾಟರಿ ಉಳಿಸುವುದು, ಬೇಡದ ಆ್ಯಪ್ ಕಿತ್ತುಹಾಕುವುದು, ಅಪ್‌ಡೇಟ್ ಮುಗಿಸುವುದು, ಕಳೆದುಹೋದ ಫೋನ್ ಹುಡುಕುವ ಸೌಲಭ್ಯ ಚಾಲೂ ಮಾಡುವುದು, ಇವೆಲ್ಲ ಬೇಕು. ಆದರೆ ಇವನ್ನು ಹೇಳಿಕೊಡುವ ವಿಡಿಯೊಗಳಿಗೆ ಬರವಿಲ್ಲ. ಕನ್ನಡ ಬರೆಯುವವರು ಹೆಚ್ಚಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ ನಾಲ್ಕಿವೆ: ಅಕ್ಷರ ಒಳಗೆ ಹೇಗೆ ಉಳಿಯುತ್ತದೆ, ಯಾವ ಕೀಲಿಯಿಂದ ಮೂಡುತ್ತದೆ, ಯಾವ ಫಾಂಟಿನಲ್ಲಿ ಕಾಣುತ್ತದೆ, ಮೆನು ಯಾವ ಭಾಷೆಯಲ್ಲಿರಬೇಕು. ನಮ್ಮಲ್ಲಿ ಹೆಚ್ಚಿನವರು ಚೆಂದದ ಫಾಂಟಿನಿಂದ ಶುರುಮಾಡುತ್ತಾರೆ, ಮೊದಲನೆಯ ಪ್ರಶ್ನೆಗೆ ಬರುವುದೇ ಇಲ್ಲ. ಕಷ್ಟಗಳೆಲ್ಲ ಹುಟ್ಟುವುದು ಅಲ್ಲಿಂದ.

ಈ ಗೊಂದಲಕ್ಕೆ ಒಂದು ಚರಿತ್ರೆ ಇದೆ. ಕನ್ನಡಕ್ಕೆ ಕೀಲಿಮಣೆಯನ್ನು ತರ್ಕಬದ್ಧವಾಗಿ ಹೊಂದಿಸಿಕೊಟ್ಟವರು ಕೆ.ಪಿ. ರಾವ್. ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟ ತಂತ್ರಾಂಶ ಅವರದು. ವ್ಯಂಜನ ಒತ್ತಿದರೆ ಅಕಾರ ಸಹಿತ ಅಕ್ಷರ, ಮೇಲೆ ಸ್ವರ ಒತ್ತಿದರೆ ಗುಣಿತ, ನಡುವೆ ಒಂದು ಕೊಂಡಿ ಕೀಲಿ ಒತ್ತಿದರೆ ಒತ್ತಕ್ಷರ ಎಂಬ ಅವರ ಕ್ರಮವನ್ನೇ ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಮೇಲೆ ನಿಂತಿತು. ಅದಕ್ಕೂ ಮುಂಚೆ, 1998ರಲ್ಲಿ, ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಉಚ್ಚಾರಣೆ ಬರೆದರೆ ಕನ್ನಡವಾಗಿಸುವ ಅದು ಟೈಪಿಂಗ್ ಕಲಿಯದವರಿಗೂ, ಹೊರದೇಶದ ಕನ್ನಡಿಗರಿಗೂ ಕನ್ನಡ ಬರೆಯುವ ಬಾಗಿಲು ತೆರೆಯಿತು. ಈ ಎರಡೂ ಇಲ್ಲದಿದ್ದರೆ ಕನ್ನಡ ಅಂತರಜಾಲದ ಮೊದಲ ದಶಕವನ್ನು ಊಹಿಸುವುದೂ ಕಷ್ಟ.

ಆದರೆ ಆಗಿನ ದಾರಿಯಲ್ಲಿ ಒಂದು ತಾತ್ಕಾಲಿಕ ಸೇತುವೆ ಇತ್ತು, ಅದನ್ನು ನಾವು ಇಂದಿಗೂ ಕೆಡವಿಲ್ಲ. ಆ ದಿನಗಳ ಕಂಪ್ಯೂಟರಿಗೆ ಕನ್ನಡವೆಂಬ ಲಿಪಿ ಇದೆಯೆಂದೇ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ ಫಾಂಟುಗಳು ಬಂದವು. ಇವನ್ನೇ ನಾವು ಆಸ್ಕಿ ಫಾಂಟ್ ಎನ್ನುವುದು. ‘ಕನ್ನಡ’ ಎಂದು ಬರೆದ ನುಡಿ ಕಡತವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದು ನೋಡಿ: ಮೊದಲು ಇಂಗ್ಲಿಷಿನ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀಟಿರುವ ‘ಎ’, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ‘ಎ’, ಜರ್ಮನ್ನರ ಜೋಡಿ ‘ಎಸ್’, ಹೀಗೆ. ಯಂತ್ರದ ಮಟ್ಟಿಗೆ ಒಳಗಿರುವುದು ನಿಜವಾಗಿಯೂ ಇದೇ. ಕನ್ನಡವೆಂಬುದು ಬರೀ ವೇಷ. ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಲು ಬಾರದು, ಫೋನಿಗೆ ಕಳಿಸಿದರೆ ಓದಲಾಗದು, ದೃಷ್ಟಿಯಿಲ್ಲದವರಿಗೆ ಯಂತ್ರ ಓದಿಹೇಳಲಾರದು. ಬರಹ, ನುಡಿಗಳ ಸಂಕೇತ ಹೆಚ್ಚುಕಡಿಮೆ ಒಂದೇ ಆಗಿತ್ತೆನ್ನುವುದೇ ಪುಣ್ಯ. ಶ್ರೀಲಿಪಿ, ಆಕೃತಿ, ಪ್ರಕಾಶಕ್‌ಗಳದ್ದು ತಲಾ ಒಂದೊಂದು ಲೆಕ್ಕ.

ಯುನಿಕೋಡ್ ಈ ಪಾಡಿಗೆ ಪರಿಹಾರವಾಗಿ ಬಂತು. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಮೀಸಲಿದೆ. ಕಾಗದದ ಮೇಲಿನ ಈ ಹಕ್ಕು ಮೇಜಿನ ಮೇಲೆ ಬರಲು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟಿನೊಂದಿಗೆ ಕನ್ನಡ ಸೇರಿತು. ಸೇರಿದ್ದರೂ ತಾನಾಗಿ ಕಾಣುತ್ತಿರಲಿಲ್ಲ. ಕಂಟ್ರೋಲ್ ಪ್ಯಾನಲ್ಲಿಗೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲ ಬೇಕೆಂದು ಗುರುತು ಹಾಕಿದರೆ ಅದು ವಿಂಡೋಸ್ ಸಿ.ಡಿ. ಹಾಕೆಂದು ಕೇಳುತ್ತಿತ್ತು. ಸಿ.ಡಿ. ಯಾರ ಹತ್ತಿರ ಇರುತ್ತಿತ್ತು? ಯುನಿಕೋಡ್ ಬಗ್ಗೆ ನಮ್ಮ ಕಚೇರಿಗಳಲ್ಲಿ ಹುಟ್ಟಿದ ಅಪನಂಬಿಕೆಯ ಒಂದು ಬೇರು ಈ ಸಿ.ಡಿ.ಯಲ್ಲಿದೆ ಎಂದು ನನ್ನ ಅನುಮಾನ. ಈಗ ಆ ಕಾಟವಿಲ್ಲ. ಆದ್ದರಿಂದ ಮೊದಲನೆಯ ಪ್ರಶ್ನೆಗೆ ಉತ್ತರ ಒಂದೇ: ಹೊಸದಾಗಿ ಬರೆಯುವುದೆಲ್ಲ ಯುನಿಕೋಡಿನಲ್ಲಿರಲಿ. ನುಡಿ, ಬರಹಗಳ ಈಚಿನ ಆವೃತ್ತಿಗಳಲ್ಲೂ ಯುನಿಕೋಡ್ ಆಯ್ಕೆ ಇದೆ, ಅದನ್ನು ಆರಿಸಿಕೊಂಡರಾಯಿತು.

ಕೀಲಿಮಣೆಯ ವಿಚಾರ ಇಷ್ಟು ಸಲೀಸಲ್ಲ. ಇಲ್ಲಿ ಮೂರು ಮತಗಳಿವೆ, ಮೂರಕ್ಕೂ ಕಟ್ಟಾ ಭಕ್ತರಿದ್ದಾರೆ. ಮೊದಲನೆಯದು ಕೆ.ಪಿ. ರಾವ್ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದ ಕಗಪ ಎಂದೂ ಕರೆಯುತ್ತಾರೆ. ಎರಡನೆಯದು ಇನ್‌ಸ್ಕ್ರಿಪ್ಟ್, ಭಾರತದ ಲಿಪಿಗಳಿಗೆಲ್ಲ ಒಂದೇ ಜೋಡಣೆ ಇರಲೆಂದು ಕೇಂದ್ರ ಸರ್ಕಾರ ಮಾಡಿಸಿದ್ದು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಮೂರನೆಯದು ಬರಹದ ದಾರಿಯ ಲಿಪ್ಯಂತರ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಗಪದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಒತ್ತು. ಎಫ್ ಕೊಂಡಿ, ಡಬ್ಲ್ಯೂ ಎಂದರೆ ಡ. ಇನ್‌ಸ್ಕ್ರಿಪ್ಟಿನಲ್ಲೂ ಐದೇ, ಆದರೆ ಕೆ, ವಿ, ಡಿ, ವಿ ಆದ ಮೇಲೆ ಡಕಾರಕ್ಕೆ ಚೌಕ ಕಂಸದ ಕೀಲಿ. ಬರಹದಲ್ಲಿ ಏಳು, ಅದರಲ್ಲಿ ಡಕಾರಕ್ಕೆ ಶಿಫ್ಟ್ ಬೇರೆ. ಒಂದು ಪದದಲ್ಲಿ ಎರಡು ಒತ್ತು ಉಳಿದರೆ ಏನು ಮಹಾ ಅನ್ನಿಸಬಹುದು. ಇನ್ನೂರು ಪುಟ ಟೈಪು ಮಾಡುವವರ ಮಣಿಕಟ್ಟನ್ನು ಕೇಳಬೇಕು. ಆದರೆ ಉಳಿತಾಯಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ ಇದೆ: ಲಿಪ್ಯಂತರದಲ್ಲಿ ಬರೆಯುವಾಗ ಪ್ರತಿ ಪದವೂ ಮನಸ್ಸಿನಲ್ಲಿ ಇಂಗ್ಲಿಷ್ ಕಾಗುಣಿತದ ಮೂಲಕ ಹಾದುಬರುತ್ತದೆ. ದಿನಕ್ಕೆ ನಾಲ್ಕು ಸಾಲು ಬರೆಯುವವರಿಗೆ ಅದು ತೊಂದರೆಯಲ್ಲ. ಕನ್ನಡವೇ ಕಸುಬಾದವರು ಒಂದು ವಾರ ಕಷ್ಟಪಟ್ಟು ಕಗಪ ಕಲಿಯುವುದು ಲಾಭದ ವ್ಯವಹಾರ ಎಂಬುದು ನನ್ನ ಪಕ್ಷ. ಇನ್‌ಸ್ಕ್ರಿಪ್ಟ್ ಬಲ್ಲವರು ಅದನ್ನು ಬಿಡಬೇಕಾಗಿಲ್ಲ. ಅವರು ಯಾವ ಯಂತ್ರದ ಮುಂದೆ ಕೂತರೂ ಅದು ಸಿಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ಕರ್ನಾಟಕ ಸರ್ಕಾರ ಒಪ್ಪಿದ ಕಗಪ ವಿನ್ಯಾಸ ಲಿನಕ್ಸಿನಲ್ಲಿ ಮೊದಲಿನಿಂದ ಇರುವ ಕೀಲಿಮಣೆಗಳ ಪಟ್ಟಿಯಲ್ಲೇ ಸಿಗುತ್ತದೆ. ವಿಂಡೋಸಿನಲ್ಲಿ ಸಿಗುವುದಿಲ್ಲ. ಅಲ್ಲಿರುವುದು ಇನ್‌ಸ್ಕ್ರಿಪ್ಟ್ ಮಾದರಿಯ ‘ಕನ್ನಡ’ ಮತ್ತು 2019ರಲ್ಲಿ ವಿಂಡೋಸ್ 10ಕ್ಕೆ ಸೇರಿದ ‘ಕನ್ನಡ ಫೊನೆಟಿಕ್’. ಈ ಫೊನೆಟಿಕ್ ಲಿಪ್ಯಂತರದ ಜಾತಿಯದು. ಕಗಪ ಬೇಕೆಂದರೆ ನುಡಿಯನ್ನೋ ಅಂಥದೇ ಇನ್ನೊಂದನ್ನೋ ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಇನ್ನೊಂದು ತಮಾಷೆ: ನುಡಿಯಲ್ಲಿ ಕನ್ನಡ, ಇಂಗ್ಲಿಷ್ ನಡುವೆ ಹಾರಲು ಒತ್ತಬೇಕಾದದ್ದು ಸ್ಕ್ರಾಲ್ ಲಾಕ್ ಕೀಲಿ. ಈಗಿನ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯೇ ಇರುವುದಿಲ್ಲ. ಕೆಲವಲ್ಲಿ ಎಫ್‌ಎನ್ ಜೊತೆ ಇನ್ನೊಂದು ಅಕ್ಷರ ಒತ್ತಿದರೆ ಅದರ ಕೆಲಸ ನಡೆಯುತ್ತದೆ. ಅದೂ ಇಲ್ಲದಿದ್ದರೆ ವಿಂಡೋಸಿನ ಪರದೆಯ ಕೀಬೋರ್ಡ್ ತೆರೆದು ಅಲ್ಲಿರುವ ಸ್ಕ್ರಾಲ್ ಲಾಕ್ ಮೇಲೆ ಮೌಸಿನಿಂದ ಕುಟ್ಟಬೇಕು. ವಿಂಡೋಸಿನದೇ ಕೀಲಿಮಣೆಗಳಾದರೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಸಾಕು. ಮ್ಯಾಕ್ ಕೊಳ್ಳುವವರಿಗೆ ಇಂಗ್ಲಿಷ್ ಜೋಡಣೆಯನ್ನು ಅನುಸರಿಸುವ ಕನ್ನಡ ಕೀಲಿಮಣೆಯೂ ಸಿಗುತ್ತದೆ. ಹಳೆಯ ಅಭ್ಯಾಸದ ಕೈಗಳಿಗೆ ಅದು ಸ್ವಲ್ಪ ಪರಿಚಿತ, ಸ್ವಲ್ಪ ಅಪರಿಚಿತ.

ಫೋನಿನ ಕತೆ ತಡವಾಗಿ ಶುರುವಾಗಿ ಬೇಗ ಮುಂದೆ ಓಡಿತು. ಆಂಡ್ರಾಯ್ಡ್ 4.1 ಬರುವವರೆಗೆ, ಅಂದರೆ 2012ರ ತನಕ, ಬಹಳಷ್ಟು ಫೋನುಗಳಲ್ಲಿ ಕನ್ನಡವೆಂದರೆ ಸಾಲುಸಾಲು ಚೌಕ ಡಬ್ಬಿಗಳು. 2014ರ ಆಂಡ್ರಾಯ್ಡ್ 5ರಲ್ಲಿ ಇಡೀ ಫೋನಿನ ಮೆನು ಕನ್ನಡವಾಗಬಹುದಾಯಿತು. ಐಫೋನಿಗೆ ಕನ್ನಡ ಕೀಲಿಮಣೆ ಸಿಕ್ಕಿದ್ದು 2017ರಲ್ಲಿ, ಐಒಎಸ್ 11ರ ಜೊತೆ. ಭಾರತದಲ್ಲಿ ಮಾರುವ ಫೋನುಗಳು ಭಾರತೀಯ ಭಾಷೆಗಳನ್ನೆಲ್ಲ ತೋರಿಸಲೇಬೇಕೆಂದು ಐಎಸ್ 16333 ಎಂಬ ಮಾನಕವೂ ಅದೇ ಹೊತ್ತಿಗೆ ಜಾರಿಗೆ ಬಂತು. ಅದೇ ವರ್ಷ ಗೂಗಲ್ ಧ್ವನಿ ಟೈಪಿಂಗಿಗೆ ಕನ್ನಡ ಸೇರಿಸಿತು. ಕೀಲಿಮಣೆ ಯಾವುದೆಂಬ ಜಗಳವನ್ನೇ ಪಕ್ಕಕ್ಕೆ ಸರಿಸಿದ್ದು ಈ ಕೊನೆಯದು. ಓದಲು ಬರುವ, ಟೈಪು ಮಾಡಲು ಬಾರದ ಒಂದು ದೊಡ್ಡ ಬಳಗ ಇವತ್ತು ವಾಟ್ಸ್ಆ್ಯಪಿನಲ್ಲಿ ಕನ್ನಡ ಬರೆಯುತ್ತಿರುವುದು ಬಾಯಿಯಿಂದ. ಅದರ ಗುಣವೂ ದೋಷವೂ ಒಂದೇ: ಗ್ರಂಥದ ಭಾಷೆಯಲ್ಲಿ ಮಾತಾಡಿದರೆ ಸರಿಯಾಗಿ ಬರೆದುಕೊಳ್ಳುತ್ತದೆ, ಧಾರವಾಡದ ‘ಹೋಗೂಣು’, ಕುಂದಾಪುರದ ‘ಹೊಯ್ಕ್’ ಕೇಳಿದರೆ ತನಗೆ ತೋಚಿದ್ದನ್ನು ಬರೆಯುತ್ತದೆ.

ಬೆರಳಿನಿಂದ ಬರೆಯುವವರಿಗೆ ಜಿಬೋರ್ಡಿನಲ್ಲಿ ಕನ್ನಡ ಸೇರಿಸುವಾಗ ಒಂದಕ್ಕಿಂತ ಹೆಚ್ಚು ಬಗೆ ಕಾಣುತ್ತವೆ: ಕನ್ನಡ ಅಕ್ಷರಗಳದೇ ಮಣೆ, ಇಂಗ್ಲಿಷಿನಿಂದ ಲಿಪ್ಯಂತರ, ಪರದೆಯ ಮೇಲೆ ಬೆರಳಿನಿಂದ ಗೀಚುವ ಕೈಬರಹ. ಶಾಲೆಯಲ್ಲಿ ಕನ್ನಡ ಕಲಿತ ಹಿರಿಯರಿಗೆ ಕೈಬರಹವನ್ನು ತೋರಿಸಿಕೊಟ್ಟು ನೋಡಿ, ಸ್ಲೇಟು ಸಿಕ್ಕಷ್ಟು ಹಿಗ್ಗುತ್ತಾರೆ. ಲ್ಯಾಪ್‌ಟಾಪಿನಲ್ಲಿ ಕಗಪ ರೂಢಿಯಾದವರಿಗೆ ಫೋನಿನಲ್ಲೂ ಅದೇ ಬೇಕೆನಿಸುತ್ತದೆ. ‘ಜಸ್ಟ್ ಕನ್ನಡ’ದಂಥ ಆ್ಯಪುಗಳು ಇರುವುದು ಅವರಿಗಾಗಿ. ಮುಕ್ತ ತಂತ್ರಾಂಶವೇ ಬೇಕೆನ್ನುವವರಿಗೆ, ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಜೊತೆ ಬೆಳೆದ ‘ಇಂಡಿಕ್ ಕೀಬೋರ್ಡ್’ ಇದೆ. ಹೊಸ ಕೀಲಿಮಣೆ ಹಾಕಿದಾಗಲೆಲ್ಲ, ನೀವು ಟೈಪು ಮಾಡುವುದನ್ನೆಲ್ಲ, ಪಾಸ್‌ವರ್ಡು ಸಮೇತ, ಇದು ಸಂಗ್ರಹಿಸಬಹುದು ಎಂದು ಆಂಡ್ರಾಯ್ಡ್ ಎಚ್ಚರಿಸುತ್ತದೆ. ನಾವು ಓದದೆ ‘ಓಕೆ’ ಒತ್ತುತ್ತೇವೆ. ಅದು ನೂರಕ್ಕೆ ನೂರು ನಿಜವಾದ ಎಚ್ಚರಿಕೆ. ಬಣ್ಣಬಣ್ಣದ ಹಿನ್ನೆಲೆ, ದೇವರ ಚಿತ್ರ, ಜಾಹೀರಾತು ತುಂಬಿದ ಊರು ಹೆಸರಿಲ್ಲದ ಕನ್ನಡ ಕೀಬೋರ್ಡುಗಳು ಪ್ಲೇಸ್ಟೋರಿನಲ್ಲಿ ಬೇಕಾದಷ್ಟಿವೆ. ಬ್ಯಾಂಕಿನ ಆ್ಯಪ್ ಇರುವ ಫೋನಿಗೆ ಅವು ಬೇಡ.

ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಸಮನಾಗಿ ಕಾಡುವ ಒಂದು ಸಣ್ಣ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ‘ರಾಜ್‌ಕುಮಾರ್’ ಎಂದು ಬರೆಯಹೊರಟರೆ ಜ ಕೆಳಗೆ ಕ ಒತ್ತಾಗಿ ‘ರಾಜ್ಕುಮಾರ್’ ಆಗುತ್ತದೆ. ಎರಡರ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಬೇರ್ಪಡಿಕೆಯ ಚಿಹ್ನೆ ಹಾಕಿದರೆ ಮಾತ್ರ ಅರ್ಧಾಕ್ಷರ ಉಳಿಯುತ್ತದೆ. ಹಾಗೆಯೇ ರಕಾರಕ್ಕೆ ಯ ಒತ್ತು ಬೇಕೆಂದರೆ ಸುಮ್ಮನೆ ಟೈಪು ಮಾಡಿದಾಗ ‘ಸೂರ್ಯ’ದಲ್ಲಿರುವಂತೆ ಅರ್ಕಾವತ್ತು ಬರುತ್ತದೆ, ‘ರ‍್ಯಾಂಕ್’ ಆಗಬೇಕಾದರೆ ಇನ್ನೊಂದು ಅದೃಶ್ಯ ಚಿಹ್ನೆ, ಜೋಡಿಸುವಂಥದ್ದು, ಸೇರಬೇಕು. ಕೆಲವು ಕೀಲಿಮಣೆಗಳು ಇದನ್ನು ಹಲಂತದ ಮೊದಲು ಇಡುತ್ತವೆ, ಕೆಲವು ನಂತರ. ನೋಡಲು ಎರಡೂ ಒಂದೇ, ಆದರೆ ಹುಡುಕಿದಾಗ ಒಂದು ಸಿಕ್ಕರೆ ಇನ್ನೊಂದು ಸಿಗದು. ಹೊಸ ಕೀಲಿಮಣೆ ಆರಿಸುವಾಗ ನಾನು ಮೊದಲು ಬರೆದು ನೋಡುವುದು ಈ ಎರಡು ಪದಗಳನ್ನೇ. ಇವನ್ನು ಸಲೀಸಾಗಿ ಬರೆಯಲು ಬಿಡದ ಕೀಲಿಮಣೆ ಎಷ್ಟೇ ಚೆಂದವಿದ್ದರೂ ಬರೆಯುವವರ ಉಪಯೋಗಕ್ಕಲ್ಲ. ಫೋನಿನ ಕೀಲಿಮಣೆಗಳಲ್ಲಿ ಹಲವು ಇಲ್ಲಿ ಸೋಲುತ್ತವೆ. ಅಂಥಲ್ಲಿ ಆ ಪದಗಳನ್ನು ಒಮ್ಮೆ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಬರೆದು, ಫೋನಿಗೆ ಕಳಿಸಿಕೊಂಡು, ಕೀಬೋರ್ಡಿನ ವೈಯಕ್ತಿಕ ನಿಘಂಟಿಗೆ ಚಿಕ್ಕ ಸಂಕೇತದೊಂದಿಗೆ ಸೇರಿಸಿಟ್ಟರೆ ಮುಂದೆ ತಲೆನೋವಿಲ್ಲ.

ಫಾಂಟುಗಳಿಗೆ ಈಗ ಬಡತನವಿಲ್ಲ. ಗೂಗಲಿನ ನೋಟೊ ಕುಟುಂಬ, ರೆಡ್‌ಹ್ಯಾಟ್ ಬಿಡುಗಡೆ ಮಾಡಿದ ಲೋಹಿತ್, ಎಕ್ ಟೈಪ್ ಸಂಸ್ಥೆಯ ಬಾಲೂ ತಮ್ಮ, ಕನ್ನಡದವರೇ ಮಾಡಿ ಮುಕ್ತವಾಗಿ ಕೊಟ್ಟ ಗುಬ್ಬಿ, ನವಿಲು. ವಿಂಡೋಸಿನಲ್ಲಿ ಮೊದಲೇ ಇರುವ ನಿರ್ಮಲಾ ಯುಐ ಪರದೆಯಲ್ಲಿ ಓದಲು ಸಾಕು. ಪುಟ್ಟ ಆದರೆ ರೇಗಿಸುವ ಎರಡು ಸಂಗತಿ ಮಾತ್ರ ಗಮನದಲ್ಲಿರಬೇಕು. ಕನ್ನಡಕ್ಕೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು ಇರುವುದರಿಂದ ಸಾಲಿಗೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕು. ವರ್ಡಿನಲ್ಲಿ ಸಾಲಿನ ಅಂತರವನ್ನು ‘ಎಕ್ಸಾಕ್ಟ್‌ಲಿ’ ಎಂದು ಬಿಗಿಮಾಡಿದರೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ಇನ್ನೊಂದು, ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ಬೇರೆ ಪಂಕ್ತಿಯಲ್ಲಿ ಕೂರಿಸಿದೆ. ಫಾಂಟ್ ಬದಲಿಸಿದರೂ ಅಕ್ಷರ ಬದಲಾಗದೆ ಇದ್ದಾಗ ನೋಡಬೇಕಾದ ಜಾಗ ಫಾಂಟ್ ಪೆಟ್ಟಿಗೆಯ ಆ ಭಾಗ. ಲಿಬ್ರೆ ಆಫೀಸಿನಲ್ಲೂ ಇದೇ ಕತೆ, ಭಾಷೆಯ ಸೆಟ್ಟಿಂಗಿನಲ್ಲಿ ಸಂಕೀರ್ಣ ಲಿಪಿಗೆ ಕನ್ನಡ ಎಂದು ಆರಿಸಿಕೊಳ್ಳಬೇಕು.

ಮೆನುವೂ ಕನ್ನಡವಾಗಬೇಕೆ? ಅಭಿಮಾನದ ಉತ್ತರ ಹೌದು. ಅನುಭವದ ಉತ್ತರ ಅಷ್ಟು ನೇರವಲ್ಲ. ನನ್ನ ದೊಡ್ಡಮ್ಮನ ಫೋನನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರ ಎರಡು ಮೆಟ್ಟಿಲು ಏರಿಸಿ ಕೊಟ್ಟಾಗ ಅವರು ಅಕ್ಷರ ಅಕ್ಷರ ಓದಿ, “ಇಷ್ಟು ದಿವ್ಸ ಇದು ಏನ್ ಕೇಳ್ತಿದೆ ಅಂತಾನೇ ಗೊತ್ತಾಗ್ದೆ ಒತ್ತುತಿದ್ನಲ್ಲೋ” ಎಂದರು. ಮೊಮ್ಮಗಳು ಬಂದು ಅದನ್ನು ಹಿಡಿದವಳು ಬ್ಲೂಟೂತ್ ಎಲ್ಲಿದೆಯೆಂದು ಹುಡುಕಲಾರದೆ ಕೂತಳು. ಯಂತ್ರದ ಭಾಷೆಯನ್ನು ಇಂಗ್ಲಿಷಿನಲ್ಲೇ ಕಲಿತವರಿಗೆ ಕನ್ನಡ ಮೆನು ಹೊಸ ಊರು. ಕಲಿಯದೆ ಇದ್ದವರಿಗೆ ಅದು ಸ್ವಂತ ಊರು. ಹಾಗಾಗಿ ಯಾರ ಫೋನೋ ಅವರ ಮೆನು. ಹೊಸ ಆಂಡ್ರಾಯ್ಡುಗಳಲ್ಲಿ ಒಂದೊಂದು ಆ್ಯಪಿಗೆ ಒಂದೊಂದು ಭಾಷೆ ಕೊಡುವ ಸೌಲಭ್ಯವಿದೆ. ಹಣ ಕಳಿಸುವ ಆ್ಯಪನ್ನಾದರೂ ಕನ್ನಡಕ್ಕೆ ಬದಲಿಸಿಕೊಡಿ ಎಂಬುದು ನನ್ನ ಸಲಹೆ. ‘ಕಳಿಸು’ ಮತ್ತು ‘ಕೋರಿಕೆ’ ನಡುವಿನ ವ್ಯತ್ಯಾಸ ತಿಳಿಯದೆ ಹಣ ಕಳೆದುಕೊಳ್ಳುವವರು ಹೆಚ್ಚಾಗಿ ಅವನ್ನು ಇಂಗ್ಲಿಷಿನಲ್ಲಿ ನೋಡಿದವರು.

ಬರೆಯುವವರ ಲ್ಯಾಪ್‌ಟಾಪಿಗೆ ನಿಘಂಟು ಬೇಕೇಬೇಕು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಹಾಕಿದ ಒಂದೂವರೆ ಲಕ್ಷದಷ್ಟು ನಮೂದುಗಳ ಕನ್ನಡ–ಇಂಗ್ಲಿಷ್ ಕೋಶ ‘ಅಲರ್’ ಎಂಬ ಹೆಸರಿನಲ್ಲಿ 2019ರಿಂದ ಮುಕ್ತವಾಗಿ ಸಿಗುತ್ತಿದೆ. ಬ್ರೌಸರಿನಲ್ಲಿ ಮೊದಲ ಬುಕ್‌ಮಾರ್ಕು ಅದಾಗಲಿ. ಕಾಗುಣಿತ ತಿದ್ದುವ ಸೌಲಭ್ಯದ ಬಗ್ಗೆ ಹೆಚ್ಚು ಆಸೆ ಬೇಡ. ‘ಮನೆಯವರಿಂದಲೇ’ಯಂಥ ಪದವನ್ನು ಪ್ರತ್ಯಯ ಬಿಡಿಸಿ ನೋಡಲು ತಿಳಿಯದ ಪಟ್ಟಿ ನಿಘಂಟುಗಳು ಸರಿಯಿದ್ದುದರ ಕೆಳಗೂ ಕೆಂಪು ಗೆರೆ ಎಳೆಯುತ್ತವೆ, ಪುಟವೆಲ್ಲ ಕೆಂಪಾದ ಮೇಲೆ ನಿಜವಾದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆರಿಸಿಡುವುದೇ ಮೇಲು.

ಇಷ್ಟೆಲ್ಲ ಸಿದ್ಧಮಾಡಿಕೊಂಡವರು ಕೊನೆಗೆ ಎಡವುವುದು ಡಿಟಿಪಿ ಮಳಿಗೆಯ ಹೊಸ್ತಿಲಲ್ಲಿ. ಯುನಿಕೋಡಿನ ಕಡತ ಒಯ್ದರೆ “ಸಾರ್, ನುಡಿಗೆ ಕನ್ವರ್ಟ್ ಮಾಡ್ಕೊಂಡು ಬಂದಿದ್ರೆ ಚೆನ್ನಾಗಿತ್ತು” ಎಂಬ ಮಾತು ಈಗಲೂ ಕೇಳುತ್ತದೆ. ಅವರನ್ನು ದೂರಿ ಫಲವಿಲ್ಲ. ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ತಿಳಿಯದು, ಅವರ ಹತ್ತಿರ ಇರುವ ಅಂದದ ಫಾಂಟುಗಳೆಲ್ಲ ಆಸ್ಕಿ. ಇನ್‌ಡಿಸೈನಿನ ಹೊಸ ಆವೃತ್ತಿಗಳಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿದರೆ ಯುನಿಕೋಡ್ ಕನ್ನಡ ಸರಿಯಾಗಿಯೇ ಕೂರುತ್ತದೆ. ಇದು ಗೊತ್ತಿರುವ ಆಪರೇಟರ್ ಸಿಕ್ಕರೆ ಅದೃಷ್ಟ. ಪ್ರೆಸ್ಸಿಗೆ ಆಸ್ಕಿ ಕೊಡಲೇಬೇಕಾದಾಗಲೂ ಮೂಲವನ್ನು ಯುನಿಕೋಡಿನಲ್ಲೇ ಇಟ್ಟುಕೊಂಡು, ಪರಿವರ್ತಿಸಿದ ಪ್ರತಿಯನ್ನು ಮಾತ್ರ ಕಳಿಸಬೇಕು. ಕರಡು ತಿದ್ದಿದ್ದು ಪ್ರೆಸ್ಸಿನ ಪ್ರತಿಯಲ್ಲಷ್ಟೇ ಉಳಿದು, ಎರಡನೆಯ ಮುದ್ರಣದ ಹೊತ್ತಿಗೆ ಹಳೆಯ ತಪ್ಪುಗಳೆಲ್ಲ ಮರಳಿ ಬಂದ ಪುಸ್ತಕಗಳು ಬೇಕಾದಷ್ಟಿವೆ.

ಹಳೆಯ ಕಂಪ್ಯೂಟರಿನಿಂದ ಬಂದ ನುಡಿ, ಬರಹ ಕಡತಗಳನ್ನು ಹೊಸದಕ್ಕೆ ಸಾಗಿಸುವುದು ಸಜ್ಜಿಕೆಯ ಕೊನೆಯ ಕೆಲಸ, ಎಲ್ಲರೂ ಮುಂದಕ್ಕೆ ತಳ್ಳುವ ಕೆಲಸವೂ ಹೌದು. ಪರಿವರ್ತಕಗಳು ಉಚಿತವಾಗಿವೆ, ಸಂಚಯ ಬಳಗದ ಪುಟದಲ್ಲೂ ಒಂದಿದೆ. ಇಡೀ ಕಡತವನ್ನು ಒಮ್ಮೆಗೇ ಹಾಕಿದರೆ ನಡುವೆ ಇಂಗ್ಲಿಷಿನಲ್ಲಿದ್ದ ಪದವಿ, ಇ–ಮೇಲ್ ವಿಳಾಸ, ಗ್ರಂಥಸೂಚಿಗಳೂ ಕನ್ನಡದ ಅಕ್ಷರಗಳಾಗಿ ಪುಡಿಯಾಗುತ್ತವೆ. ಅವನ್ನು ಮೊದಲೇ ಬೇರೆ ತೆಗೆದಿಡಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತಿನ ಪದಗಳು, ಅರ್ಧಾಕ್ಷರದ ಹೆಸರುಗಳು, ಅಂಕಿಗಳು, ಈ ಮೂರನ್ನು ಮೂಲದ ಪಕ್ಕದಲ್ಲಿಟ್ಟು ನೋಡಬೇಕು. ಮೂಲವನ್ನು ಅಳಿಸಬಾರದು. ಆ ಫಾಂಟ್ ಇರುವ ಯಂತ್ರ ಇನ್ನೂ ಚಾಲೂ ಇರುವಾಗಲೇ ಪ್ರತಿ ಕಡತದ ಒಂದು ಪಿಡಿಎಫ್ ಮಾಡಿ, ಫಾಂಟ್ ಕಡತವನ್ನೂ ಅದೇ ಫೋಲ್ಡರಿನಲ್ಲಿ ಇಟ್ಟುಕೊಂಡರೆ, ಪರಿವರ್ತಕ ಎಲ್ಲಿ ಕೈಕೊಟ್ಟಿತೆಂದು ಮುಂದೆ ಯಾವಾಗಲಾದರೂ ತಾಳೆ ನೋಡಬಹುದು.